ಮೂವತ್ತೊಂಬತ್ತನೇ ಚೀಟಿ

ತರಗತಿಯಲ್ಲಿದ್ದವರು ಮೂವತ್ತೆಂಟು ಮಂದಿ. ಡಬ್ಬಿಯಲ್ಲಿದ್ದ ಚೀಟಿಗಳು ಮೂವತ್ತೊಂಬತ್ತು!

ಮನಸ್ವಿನಿ ಮತ್ತೆ ಎಣಿಸಿದಳು. ಅಷ್ಟೇ.

ಸೂರತ್‌ನ ಆ ಕಾಲೇಜಿಗೆ ಸಂಖ್ಯಾಶಾಸ್ತ್ರದ ಉಪನ್ಯಾಸಕಿಯಾಗಿ ಬಂದು ಎರಡೇ ತಿಂಗಳು. ಪಾಠ ಮುಗಿದ ಮೇಲೆ, ಪ್ರತಿಯೊಬ್ಬರೂ ಅರ್ಥವಾಗದ್ದನ್ನು ಹೆಸರಿಲ್ಲದೆ ಚೀಟಿಯಲ್ಲಿ ಬರೆದು ಹಿಂಬಾಗಿಲ ಪಕ್ಕದ ಡಬ್ಬಿಗೆ ಹಾಕುವುದು ಅಲ್ಲಿನ ಪದ್ಧತಿ. ಎಲ್ಲವೂ ಇಂಗ್ಲಿಷ್, ಗುಜರಾತಿ. ಈ ಹೆಚ್ಚಿನ ಚೀಟಿ ಮಾತ್ರ... ಕನ್ನಡ!

'ಪ್ರಶ್ನೆ ಕೇಳಿ ನೀವೇ ಉತ್ತರ ಹೇಳಿಬಿಡುತ್ತೀರಿ. ಸ್ವಲ್ಪ ಸುಮ್ಮನಿರಿ. ಅವರು ಮಾತಾಡುತ್ತಾರೆ.'

ಅಯ್ಯೋ ದೇವರೇ! ಇಲ್ಲಿ ನನ್ನನ್ನು ಬಿಟ್ಟರೆ ಕನ್ನಡದವರು ಯಾರಿದ್ದಾರೆ?

"ಚಂಪಾಬೆನ್, ಆ ಬಾಗಿಲ ಆಚೆ ಏನಿದೆ?" ಎಂದು ಕಸ ಗುಡಿಸುತ್ತಿದ್ದ ಆಯಾಳನ್ನು ಕೇಳಿದಳು.

"ಮುರಿದ ಬೆಂಚುಗಳ ಕೋಣೆ, ಮೇಡಂ. ವರ್ಷದಿಂದ ಯಾರೂ ಕಾಲಿಟ್ಟಿಲ್ಲ. ನೀವೂ ಹೋಗಬೇಡಿ."

ಮರುದಿನವೂ ಒಂದು ಚೀಟಿ ಹೆಚ್ಚು. 'ಎಡಗಡೆಯವರಿಗೆ ನಿಮ್ಮ ಬೆನ್ನಷ್ಟೇ ಕಾಣುತ್ತದೆ.'

ಚೀಟಿ ಹೇಳಿದಂತೆಯೇ ಮಾಡಿದಳು. ಬಾಯಿ ಬಿಡದ ವಿದ್ಯಾರ್ಥಿಗಳೆಲ್ಲ ಮಾತಾಡತೊಡಗಿದರು! ಸಂತೋಷಪಡಬೇಕೋ, ಹೆದರಬೇಕೋ?

ಶನಿವಾರ ಅಹಮದಾಬಾದ್, ವಡೋದರಾದ ಅಧ್ಯಾಪಕರು ಬರುವವರಿದ್ದರು. ಒಬ್ಬರ ಒಳ್ಳೆಯ ಬೋಧನಾ ವಿಧಾನವನ್ನು ಇನ್ನೊಬ್ಬರು ಕಲಿಯುವ ಸಭೆ. ಮನಸ್ವಿನಿ ಅಲ್ಲಿ ಈ ಚೀಟಿ ಪದ್ಧತಿಯ ಬಗ್ಗೆ ಮಾತಾಡಿ ಮೆಚ್ಚುಗೆ ಗಳಿಸಿದರೆ ಕೆಲಸ ಕಾಯಂ, ಇಲ್ಲವಾದರೆ ಮೈಸೂರಿಗೆ ವಾಪಸ್.

ಗುರುವಾರ ಬೋರ್ಡಿನಿಂದ ತಿರುಗಿದವಳು ಹಾಗೇ ನಿಂತುಬಿಟ್ಟಳು. ಹಿಂಬಾಗಿಲ ಒಡೆದ ಗಾಜಿನೊಳಗಿಂದ ಐದು ಬೆರಳುಗಳು... ನಿಧಾನವಾಗಿ ಒಳಬಂದು, ಚೀಟಿ ಹಾಕಿ, ಹಿಂದೆ ಸರಿದವು!

ಎಲ್ಲರೂ ಹೋದ ಮೇಲೆ ಬಾಗಿಲು ತಳ್ಳಿದಳು. ಧೂಳಿನ ನಡುವೆ ಒಂದು ಕುರ್ಚಿ. ಅದರ ಮೇಲೆ ಉಮಾಕಾಂತ! ಸ್ಟಾಫ್ ರೂಮಿನಲ್ಲಿ ಯಾರೊಂದಿಗೂ ಮಾತಾಡದೆ, ಸಹಿ ಹಾಕಿ ಮರೆಯಾಗುವ ಆ ಉಪನ್ಯಾಸಕ.

"ಅಂಜಬ್ಯಾಡ್ರಿ... ನಂದು ಹಾವೇರಿ."

ಹೆದರಿಕೆಯೆಲ್ಲ ಸಿಟ್ಟಾಯಿತು. "ಕದ್ದು ಕೂತು ಪಾಠ ಕೇಳ್ತೀರಾ? ನನ್ನ ಕೆಲಸ ತೆಗೆಸೋಕೆ ಪ್ರಿನ್ಸಿಪಾಲರು ಕಳಿಸಿದ್ರಾ?"

"ಅಲ್ರೀ! ಈ ಚೀಟಿ ಪದ್ಧತಿ ಶುರು ಮಾಡಿದವನ ನಾನು." "ಹೋದ ವರ್ಷ ಒಂದು ಚೀಟಿ ಗಟ್ಟಿಯಾಗಿ ಓದಿ ಚೇಷ್ಟಿ ಮಾಡಿದೆ. ಕ್ಲಾಸೆಲ್ಲಾ ನಕ್ತು. ಬರೆದ ಹುಡುಗಿ ಮರುದಿನದಿಂದ ಕಾಲೇಜಿಗೇ ಬರಲಿಲ್ಲ. ಅವತ್ತಿನಿಂದ ಬೋರ್ಡಿನ ಮುಂದ ನಿಂತ್ರ ನಾಲಿಗಿ ಏಳಂಗಿಲ್ಲ. ಪಾಠ ಕೇಳದ ಇರಾಕೂ ಆಗಂಗಿಲ್ಲ, ಅದಕ್ಕ ಇಲ್ಲಿ ಕೂರ್ತೀನಿ."

ಬೈಯಲು ಬಂದವಳ ಕಣ್ಣು ತುಂಬಿತು. ಪಾಪ, ಎಂಥ ಶಿಕ್ಷೆ ಕೊಟ್ಟುಕೊಂಡಿದ್ದಾನೆ!

ಶನಿವಾರ ಅವಳ ಮಾತಿಗೆ ಸಭೆಯೇ ತಲೆದೂಗಿತು. ಆಗ ವಡೋದರಾದ ಹಿರಿಯರೊಬ್ಬರು ಕೇಳಿದರು. "ಈ ಚೀಟಿಗಳಿಂದ ಯಾರಿಗಾದರೂ ನೋವಾಗಿದೆಯೇ?"

ಇಲ್ಲ ಅಂದುಬಿಟ್ಟರೆ ಕೆಲಸ ಗಟ್ಟಿ. ಸುಳ್ಳು ಹೇಳಲು ಬಾಯಿ ಬರಲಿಲ್ಲ.

"ಆಗಿದೆ ಸರ್. ಹೇಗೆ ಅಂತ ಹೇಳೋ ಹಕ್ಕು ಮಾತ್ರ ನನಗಿಲ್ಲ."

ಪ್ರಿನ್ಸಿಪಾಲರ ಮುಖ ಕಪ್ಪಿಟ್ಟಿತು. ಮುಗಿಯಿತು, ಇನ್ನು ಮೈಸೂರೇ ಗತಿ!

ಹಿಂದೆಲ್ಲೋ ಕುರ್ಚಿ ಸರಿದ ಸದ್ದು. ಉಮಾಕಾಂತ ಮುಂದೆ ಬಂದ. ಕುತ್ತಿಗೆಯ ನರ ಉಬ್ಬಿತ್ತು. ಆದರೂ ಮಾತು ಹೊರಟಿತು. ತನ್ನ ತಪ್ಪನ್ನು ಏನೂ ಮುಚ್ಚಿಡದೆ ಹೇಳಿದ.

"ಇವತ್ತು ಕೇಳಿದ್ದರಲ್ಲಿ ಕಲಿಯಬೇಕಾದ ಪಾಠ ಇದೇ," ಎಂದರು ವಡೋದರಾದ ಹಿರಿಯರು. ಸೋಮವಾರದಿಂದ ಇಬ್ಬರೂ ಸೇರಿ ಪಾಠ ಮಾಡಿ ಎಂದು ಪ್ರಿನ್ಸಿಪಾಲರೇ ಹೇಳಿದರು. ಅವಳ ಕೆಲಸ ಉಳಿಯಿತು.

"ಅಷ್ಟು ಜನರ ಮುಂದೆ ಹೇಗೆ ಎದ್ರಿ?" ಹೊರಗೆ ಬಂದು ಕೇಳಿದಳು.

"ನೀವು ಊರಿಗೆ ಹೋಗಿಬಿಡ್ತೀರಂತ ಅಂಜಿಕಿ ಆತ್ರಿ."

"ಓಹೋ! ಪಾಠ ತಪ್ಪಿ ಹೋಗುತ್ತೆ ಅಂತಲಾ?"

"ಪಾಠ ಕೇಳಿದ್ದು ಮೊದಲನೇ ವಾರ ಅಷ್ಟ."

"ಆಮೇಲೆ?"

"ಆಮೇಲೆ... ನಿಮ್ಮನ್ನ ಬಿಟ್ಟಿರಾಕ ಆಗಲಿಲ್ರೀ."

"ಇಷ್ಟು ಹೇಳೋಕೆ ಎರಡು ತಿಂಗಳು ಬೇಕಾಯ್ತಾ?"

"ಹೂಂ ಅನ್ನಾಕ ನಿಮಗೆಷ್ಟು ದಿನ ಬೇಕ್ರಿ?"

"ಹೂಂ," ಅಂದಳು ಮನಸ್ವಿನಿ.