ಇಪ್ಪತ್ತೆರಡರಲ್ಲಿ ನಿಂತ ಮುಳ್ಳು

ಹದಿನಾಲ್ಕನೇ ತಾರೀಖು, ಬುಧವಾರ, ಬೆಳಿಗ್ಗೆ 9.40ಕ್ಕೆ ಠಾಣೆಗೆ ಬಂದ ಹೆಂಗಸು ದೂರು ಬರೆದು ತಂದಿರಲಿಲ್ಲ, ಒಂದು ಅಂಗಿ ತಂದಿದ್ದಳು. ಇನ್‌ಸ್ಪೆಕ್ಟರರ ಮೇಜಿನ ಮೇಲೆ ಅದನ್ನು ಹರಡಿ, ಕಾಲರು ಸರಿಮಾಡಿ, ಪಕ್ಕಕ್ಕೆ ನಿಂತಳು. ನೀಲಿ ಅಂಗಿ. ಎದೆಯ ಭಾಗ ಮಾತ್ರ ಬಿಳಿಚಿಕೊಂಡಿತ್ತು.

"ನನ್ನ ತಮ್ಮಂದು ಸರ್. ಸೋಮವಾರ ಕಾರ್ಖಾನೇಲಿ ತೀರ್ಕೊಂಡ. ಹಾರ್ಟ್ ಅಟ್ಯಾಕ್ ಅಂತ ಬರ್ಕೊಟ್ಟಿದ್ದಾರೆ."

"ನಿಮಗೇನು ಅನುಮಾನ?"

"ನಾನು ಟೈಲರು. ಈ ಬಟ್ಟೆ ಆರಿಸಿದ್ದೂ ನಾನೇ, ಹೊಲಿದಿದ್ದೂ ನಾನೇ. ಅವಂದು ಸಣ್ಣ ಮೈ, ಅಂಗಡೀಲಿ ಸಿಗೋದು ಯಾವ್ದೂ ಕೂರಲ್ಲ. ಎಷ್ಟು ಒಗೆದ್ರೂ ಬಣ್ಣ ಬಿಡದ ಬಟ್ಟೆ ಇದು. ಎದೆ ನೋವು ಬಂದ್ರೆ ಅಂಗಿ ಬಣ್ಣ ಹೋಗುತ್ತಾ ಸರ್?"

"ದೇಹ?"

"ಆಸ್ಪತ್ರೆಯಲ್ಲೇ ಇದೆ. ಬಟ್ಟೆ ಮಾತ್ರ ಕೈಗೆ ಕೊಟ್ರು. ಯಾಕೆ ಸತ್ತ ಅಂತ ಹೇಳೋವರೆಗೂ ತಗೊಳಲ್ಲ ಅಂದಿದ್ದೀನಿ."

ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಇನ್‌ಸ್ಪೆಕ್ಟರರ ಮನಸ್ಸು ಜಡ್ಡುಗಟ್ಟಿತ್ತು. ಅಂಗಿ ನೋಡಿ ಏನಾದರೂ ಅನಿಸಬೇಕಿತ್ತು. ಅನಿಸಲಿಲ್ಲ. ಆದರೆ ಅವಳ ಪ್ರಶ್ನೆ ಸರಿಯಾಗಿತ್ತು. 10.15ಕ್ಕೆ ಎಫ್‌ಐಆರ್ ಆಯಿತು.

ಗುರುವಾರ ಮರಣೋತ್ತರ ಪರೀಕ್ಷೆಯ ವರದಿ ಬಂತು. ಗಂಟಲು ಸುಟ್ಟಿದೆ, ಶ್ವಾಸಕೋಶದಲ್ಲಿ ನೀರು ತುಂಬಿದೆ, ಕಾರಣ ಕ್ಲೋರಿನ್, ಬಟ್ಟೆಯ ಬಣ್ಣ ತಿನ್ನುವ ವಿಷಗಾಳಿ. ಅಂದೇ ಮಧ್ಯಾಹ್ನ ಕಾರ್ಖಾನೆ ನಿಲ್ಲಿಸಿ ಬೀಗಮುದ್ರೆ ಹಾಕಿದರು. ಕ್ಲೋರಿನ್ ಸೋರಿತ್ತಾ ಎಂದರೆ ಮ್ಯಾನೇಜರು ಮಾತ್ರ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಇದ್ರೂ ಇರಬಹುದು, ಇಲ್ದೇನೂ ಇರಬಹುದು" ಅಂದರು.

ಶುಕ್ರವಾರ 11 ಗಂಟೆಗೆ ಇಬ್ಬರು ಪಂಚರ ಜೊತೆ ಇನ್‌ಸ್ಪೆಕ್ಟರ್, ದಫೇದಾರ್ ಒಳಗೆ ಹೋದರು. ಹೆಣ ಸಿಕ್ಕಿದ್ದು ಗಾಳಿ ತೊಳೆಯುವ ಗೋಪುರದ ಬುಡದಲ್ಲಿ. ಎರಡು ಮಹಡಿ ಎತ್ತರದ ಹಳದಿ ಕೊಳವೆ ಅದು. ಅದರ ಉಸ್ತುವಾರಿ ಹತ್ತೊಂಬತ್ತು ವರ್ಷದಿಂದ ಮೇಸ್ತ್ರಿಯದು. ಬಿಳಿ ಮೀಸೆಯ ಮನುಷ್ಯ, ಕೇಳಿದ್ದಕ್ಕೆಲ್ಲ ಪಾಠ ಹೇಳುವವನ ತಾಳ್ಮೆಯಿಂದ ಉತ್ತರ ಕೊಟ್ಟ.

"ವಿಷದ ಗಾಳಿ ಕೆಳಗಿಂದ ಹತ್ತುತ್ತೆ ಸರ್, ಕ್ಷಾರದ ನೀರು ಮೇಲಿಂದ ಇಳಿಯುತ್ತೆ. ನಡುವೆ ಬಳೆ."

"ಬಳೆ ಯಾರು ತೊಡ್ತಾರೆ ಇಲ್ಲಿ?" ದಫೇದಾರ್ ನಕ್ಕ.

"ಈ ಅಜ್ಜಿ ತೊಡ್ತಾಳೆ," ಮೇಸ್ತ್ರಿ ಗೋಪುರ ತಟ್ಟಿದ. "ಪ್ಲಾಸ್ಟಿಕ್ ಬಳೆ, ಮೂವತ್ತು ಸಾವಿರ. ಅದರ ಮೈಮೇಲೆ ನೀರು ಹರಡಿ ವಿಷ ಹಿಡಿಯುತ್ತೆ. ವರ್ಷ ಕಳೆದ ಹಾಗೆ ಬಳೆ ಮುರಿಯುತ್ತೆ, ಚೂರು ಕೆಳಗೆ ಕೂರುತ್ತೆ, ಗಾಳಿಗೆ ದಾರಿ ಇರಲ್ಲ. ಎಷ್ಟು ತಿಣುಕ್ತಾಳೆ ಅಂತ ಈ ಮೀಟರ್ ಹೇಳುತ್ತೆ. ಹೊಸ ಬಳೆಗೆ ಇಪ್ಪತ್ತು. ನಲವತ್ತು ಬಂದ್ರೆ ಬದಲಾಯಿಸಬೇಕು."

"ಬದಲಾಯಿಸದೇ ಬಿಟ್ರೆ?"

"ನೀರು ಮೇಲೇ ನಿಲ್ಲುತ್ತೆ. ಗಾಳಿ ಕೆಳಗಿನ ಸಂದೀಲಿ ವಾಪಸ್ ಬರುತ್ತೆ."

ಇನ್‌ಸ್ಪೆಕ್ಟರ್ ಮೀಟರ್ ನೋಡಿದರು. ಇಪ್ಪತ್ತೆರಡು. ಪಂಚನಾಮೆಗೆ ಬರೆಯಿಸಿ ಎರಡು ಹೆಜ್ಜೆ ಹೋದವರು ನಿಂತರು. ಫ್ಯಾನ್ ಸದ್ದಿರಲಿಲ್ಲ, ಪಂಪಿನ ಸದ್ದಿರಲಿಲ್ಲ. ನಿನ್ನೆಯಿಂದ ಅಲ್ಲಿ ಒಂದು ಹುಲ್ಲುಕಡ್ಡಿಯೂ ಅಲುಗಿರಲಿಲ್ಲ.

"ಮೇಸ್ತ್ರಿ, ಎಲ್ಲ ನಿಂತಿದೆ. ಅಜ್ಜಿ ಈಗ ಯಾಕೆ ತಿಣುಕ್ತಾಳೆ?"

ಮೇಸ್ತ್ರಿಯ ಕೈ ಸೊಂಟಕ್ಕೆ ಹೋಯಿತು. ಮೀಟರಿನ ಮುಚ್ಚಳದ ಕೀಲಿ ಅಲ್ಲೇ ಇತ್ತು. ಪಂಚರ ಎದುರು ತೆಗೆಯಿಸಿದರು. ಮುಳ್ಳಿನ ಬುಡದಲ್ಲಿ ಸಾಸಿವೆಯಷ್ಟು ಅಂಟು.

ದಫೇದಾರ್ ಮೀಟರಿನ ದಾಖಲೆ ಪುಸ್ತಕ ತಿರುವಿದ. ಪ್ರತಿದಿನ ಬೆಳಿಗ್ಗೆ ಹತ್ತಕ್ಕೆ ಒಂದು ಅಂಕಿ, ಒಂದು ಸಹಿ. ಹದಿನಾಲ್ಕು ತಿಂಗಳ ಹಿಂದೆ ಮೂವತ್ತೊಂದು, ಮೂವತ್ತಮೂರು, ಮೂವತ್ತಾರು. ಮಾರನೆಯ ದಿನ ಇಪ್ಪತ್ತೆರಡು. ಆಮೇಲೆ ಬರೀ ಇಪ್ಪತ್ತೆರಡು. ಅಜ್ಜಿ ಒಂದೇ ದಿನದಲ್ಲಿ ಹರೆಯಕ್ಕೆ ಬಂದಿದ್ದಳು, ಯಾರೂ ಕೇಳಿರಲಿಲ್ಲ. ಎಲ್ಲ ಸಹಿಯೂ ಮೇಸ್ತ್ರಿಯದೇ.

"ಸರಿ ಇದೆ ಅಂತ ಬರ್ದಿದ್ದನ್ನ ಯಾರು ಕೇಳ್ತಾರೆ ಸರ್?" ಅಂದರು ಮ್ಯಾನೇಜರು. ಬಣ್ಣ ಹೋದ ಅಂಗಿ ನೋಡಿಯೂ ಹಾರ್ಟ್ ಅಟ್ಯಾಕ್ ಎಂದು ಕಾಗದ ಮಾಡಿಸಿದ್ದಕ್ಕೆ ಅವರನ್ನೂ ಎರಡನೇ ಆರೋಪಿ ಮಾಡಿದರು.

ಮಧ್ಯಾಹ್ನ 3.20ಕ್ಕೆ ಮೇಸ್ತ್ರಿಯ ಬಂಧನ. ಠಾಣೆಯಲ್ಲಿ ಹೇಳಿಕೆ.

"ಅಂಟು ಹಾಕಿದ್ದು?"

"ನಾನೇ."

"ಯಾರು ಹೇಳಿದ್ರು?"

"ಯಾರೂ ಇಲ್ಲ."

"ಮತ್ತೆ ಯಾಕೆ?"

ಮೇಸ್ತ್ರಿ ಮೇಜಿನ ಅಂಚು ಸವರುತ್ತ ಕೂತ. "ಏಳು ವರ್ಷದ ಹಿಂದೆ ಬಳೆ ಬದಲಾಯಿಸಿದ್ವಿ. ಒಬ್ಬ ಒಳಗೆ ಇಳಿದು ಬಾಚಿ ತೆಗೀಬೇಕು. ನನ್ನ ಹೆಂಡತಿ ತಮ್ಮ ಇಳಿದ. ಮೇಲೆ ಬರಲಿಲ್ಲ."

"ಒಳಗಿನ ಗಾಳಿ ಪರೀಕ್ಷೆ ಮಾಡಿ, ಮುಖವಾಡ ಕೊಟ್ಟು ಇಳಿಸಬೇಕಲ್ಲವಾ?"

"ಆ ಸಲಾನೂ ಎಲ್ಲಾ ಮಾಡಿದ್ದೀನಿ ಅಂತ್ಲೇ ಬರ್ದಿದ್ದೆ ಸರ್. ಕೆಲಸ ಬೇಗ ಮುಗೀಲಿ ಅಂತ." ಮೇಸ್ತ್ರಿಯ ದನಿಯಲ್ಲಿ ಏರಿಳಿತವಿರಲಿಲ್ಲ. "ಮೂವತ್ತಾರು ಬಂದ ದಿನ ಲೆಕ್ಕ ಹಾಕಿದೆ. ನಲವತ್ತು ಬಂದ್ರೆ ಮತ್ತೊಬ್ಬ ಇಳೀಬೇಕು. ನಲವತ್ತು ಬರದ ಹಾಗೆ ನೋಡ್ಕೊಂಡೆ."

"ಈ ಸಲ ಯಾರು ಇಳೀಬೇಕಿತ್ತು?"

"ಗೋಪುರದ ಬಾಯಿ ಕಿರಿದು ಸರ್. ಸಣ್ಣ ಮೈಯವನೇ ಬೇಕು. ಇದ್ದವರಲ್ಲಿ ಸಣ್ಣ ಮೈ ಈಗ ಸತ್ನಲ್ಲ, ಅವಂದೇ."

ಬರೆಯುತ್ತಿದ್ದ ದಫೇದಾರ್ ಪೆನ್ನು ಎತ್ತಿದ. ಇನ್‌ಸ್ಪೆಕ್ಟರ್ "ಬರ್ಕೊಳಪ್ಪ" ಅಂದರು.

ಸಂಜೆ 5.10ಕ್ಕೆ ಅಕ್ಕ ಬಂದಳು. ಇನ್‌ಸ್ಪೆಕ್ಟರ್ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಅವಳು ಅಳಲಿಲ್ಲ. "ನನ್ನ ತಮ್ಮನನ್ನ ಒಂದು ಮಾತು ಕೇಳಬಹುದಿತ್ತು," ಅಂದಳು. "ಮುಖವಾಡ ಕೊಟ್ಟಿದ್ರೆ ಇಳೀತಿದ್ದ."

ದೇಹ ಪಡೆಯುವ ಕಾಗದಕ್ಕೆ ಸಹಿ ಹಾಕಿ ಎದ್ದಳು. ಬಾಗಿಲ ಹತ್ತಿರ ತಿರುಗಿ, "ಅಂಗಿ?" ಅಂದಳು.

"ಅದು ಸಾಕ್ಷಿ ಅಮ್ಮ. ಕೇಸ್ ಮುಗಿಯೋವರೆಗೂ ಇಲ್ಲೇ ಇರಬೇಕು."

"ಮಡಿಸಿ ಇಡಿ ಸರ್. ಹರಡಿದ್ರೆ ಮೈ ಎಷ್ಟು ಸಣ್ಣದು ಅಂತ ಎಲ್ಲರಿಗೂ ಕಾಣುತ್ತೆ. ಅವನಿಗೆ ಅದು ಇಷ್ಟ ಇರಲಿಲ್ಲ."

ಅವಳು ಹೋದಮೇಲೆ ಇನ್‌ಸ್ಪೆಕ್ಟರ್ ತಾವೇ ಅಂಗಿ ಮಡಿಸಿದರು. ಮೊದಲ ಸಲ ಮಡಿಕೆ ಸರಿ ಬರಲಿಲ್ಲ. ಬಿಚ್ಚಿ ಮತ್ತೆ ಮಡಿಸಿ, ಲಕೋಟೆಗೆ ಹಾಕಿ, ಅರಗು ಒತ್ತಿದರು.