ಹೆಸರಿನ ಜಾಗ ಬಿಟ್ಟ ನಾಗಲೆ

ಒಂದಾನೊಂದು ಕಾಲದಲ್ಲಿ, ಏಳು ಕೆರೆಗಳಾಚೆ, ನವಿಲುಗಳು ಕಾವಲು ಕಾಯುತ್ತಿದ್ದ ಹವಳದುರ್ಗವೆಂಬ ರಾಜ್ಯವಿತ್ತು. ಅಲ್ಲಿ ನಾಗಲೆ ಎಂಬುವಳು ಪದ ಕಟ್ಟುತ್ತಿದ್ದಳು. ಬೀಸುವವರು, ಅಂಬಿಗರು, ಬಟ್ಟೆ ಒಗೆಯುವವರು, ಎಲ್ಲರ ಬಾಯಲ್ಲೂ ಅವಳದೇ ಪದ. ಜೋಗುಳ ಕಟ್ಟಿದರೆ ಕೊನೆಯ ಸಾಲಿನಲ್ಲಿ ಹೆಸರಿನ ಜಾಗ ಬಿಡುತ್ತಿದ್ದಳು. ತೊಟ್ಟಿಲು ತೂಗುವ ತಾಯಿ ಅಲ್ಲಿ ತನ್ನ ಕೂಸಿನ ಹೆಸರಿಟ್ಟು ಹಾಡುತ್ತಿದ್ದಳು. ಅದು ಆ ನಾಡಿನ ಪದ್ಧತಿ.

ಅಲ್ಲಿ ಸಿಂಹಾಸನ ಕಿತ್ತುಕೊಂಡು ಕುಳಿತವನು ಧೂಮಕೇಶನೆಂಬ ಮಾಂತ್ರಿಕ. ಜನರ ಹೆಸರು ಕದ್ದು ಅವರನ್ನು ತನ್ನ ಕಾವಲಿನ ಮೃಗ ಮಾಡುವುದೇ ಅವನ ಘನವಿದ್ಯೆ. ಹಾಗೆ ಹೋದವರ ಹೆಸರೆತ್ತಲೂ ಊರು ಹೆದರುತ್ತಿತ್ತು.

ಅವನು ನಾಗಲೆಯನ್ನು ಕರೆಸಿದ. "ಎಲ್ಲ ಜೋಗುಳದಲ್ಲೂ ಇನ್ನು ನನ್ನ ಹೆಸರೇ ಇರಲಿ. ನಿನ್ನನ್ನ ಆಸ್ಥಾನಕವಿ ಮಾಡ್ತೀನಿ."

"ಆ ಜಾಗ ಕೂಸುಗಳದು. ಅಲ್ಲಿ ನಿನ್ನ ಹೆಸರು ಕೂರೋದಿಲ್ಲ," ಎಂದು ನಾಗಲೆ ಕಡ್ಡಿ ಮುರಿದಂತೆ ಹೇಳಿದಳು.

ಎರಡನೆಯ ಸಲ ಧೂಮಕೇಶ ಅವಳ ಮೇಲೆ ಹುಲಿ ಬಿಟ್ಟು ಕೇಳಿದ. ನಾಗಲೆ ಹೆದರಿದಳು, ಸುಳ್ಳೇಕೆ? ಆದರೆ ನಾಲಗೆ ನಡುಗಲಿಲ್ಲ. "ಆ ಜಾಗ ಕೂಸುಗಳದು. ಅಲ್ಲಿ ನಿನ್ನ ಹೆಸರು ಕೂರೋದಿಲ್ಲ!" ಆ ದನಿ ಕೇಳಿ ಹುಲಿ ಅವಳ ಕಾಲ ಬಳಿಯೇ ಮಲಗಿತು. ಅದೂ ಒಮ್ಮೆ ಅವಳ ಪದಕ್ಕೆ ಮಲಗಿದ ಕೂಸೇ ತಾನೆ!

ಮೂರನೆಯ ಸಲ ಧೂಮಕೇಶ ಅವಳ ಹೆಸರನ್ನೇ ಕದ್ದ. ನಾಗಲೆ ಕಾಗೆಯಾದಳು. ತಾನು ಯಾರೆಂಬುದೇ ಮರೆತುಹೋಯಿತು.

"ಈಗ ಹೇಳು ನೋಡೋಣ!" ಎಂದು ಅವನು ನಕ್ಕ. ಕಾಗೆ ಅವನ ಮೂಗು ಕುಕ್ಕಿ, ಕೋಟೆಗೋಡೆಗೆ ಹಾರಿತು.

ಅದನ್ನು ಕಂಡ ಅಂಬಿಗರ ಮುದುಕಿ ಸಣ್ಣಿಂಗಿಗೆ ಮೈಯೆಲ್ಲ ಉರಿಯಿತು. "ಪದ ಕೊಟ್ಟವಳ ಹೆಸರನ್ನೇ ಅಳಿಸ್ತಾನಾ ಈ ಮೂಳ? ಏಳ್ರೇ, ಎಷ್ಟು ದಿನ ಹೆದರ್ತೀರಿ? ಇವತ್ತು ಎಲ್ಲ ತೊಟ್ಟಿಲಿಗೂ ಅವಳ ಹೆಸರೇ ಹಾಡ್ರೇ!"

"ಬಾರವ್ವ ಮನೆಗೆ, ತೂಗೇವು ತೊಟ್ಟಿಲ,
ನಮ್ಮವ್ವ ನಾಗಲೆ, ಜೋ ಜೋ."

ಮನೆಮನೆಯಲ್ಲೂ ಅದೇ ಹೆಸರು. ಕಾಗೆಯ ರೆಕ್ಕೆ ಉದುರಿ ನಾಗಲೆ ಎದ್ದು ನಿಂತಳು. ತಾಯಂದಿರಿಗೆ ಇನ್ನೆಲ್ಲಿಯ ಭಯ? ಕಳೆದುಹೋದ ಮಕ್ಕಳನ್ನು ಒಬ್ಬೊಬ್ಬರಾಗಿ ಹೆಸರು ಹಿಡಿದು ಕೂಗಿ ಹಾಡಿದರು. ಕೋಟೆಯ ಹುಲಿ ಕರಡಿಗಳೆಲ್ಲ ಮನುಷ್ಯರಾಗಿ, ಅಳುತ್ತ ಮನೆಗೆ ಓಡಿದವು.

ಕಾವಲಿಲ್ಲದ ಧೂಮಕೇಶ ನಾಗಲೆಯ ಮುಂದೆ ಅಂಗಲಾಚಿದ. "ತಾಯಿ, ನನ್ನ ಹೆಸರೂ ಒಂದ್ಸಲ ಹಾಡು."

"ನಿಮ್ಮವ್ವ ನಿನ್ನ ಏನಂತ ಕರೀತಿದ್ಲು? ಹೇಳು, ಹಾಡ್ತೀನಿ."

ಅವನು ಬಾಯಿ ತೆರೆದ. ನೆನಪಾಗಲಿಲ್ಲ. ಧೂಮಕೇಶ ಎಂಬುದು ತನಗೆ ತಾನೇ ಕೊಟ್ಟುಕೊಂಡ ಬಿರುದು. ಕರೆಯಲು ತನ್ನದೆಂಬ ಹೆಸರೇ ಇಲ್ಲದವನು ನಿಂತಲ್ಲೇ ಬೂದಿಯಾಗಿ ಉದುರಿದ.

ಆಮೇಲೆ ಹವಳದುರ್ಗವನ್ನು ಯಾರುಯಾರೋ ಆಳಿದರು. ಜನ ಸುಖವಾಗಿದ್ದರು, ನಾಗಲೆ ಇನ್ನೂ ನೂರು ಪದ ಕಟ್ಟಿದಳು. ತೊಟ್ಟಿಲ ಪದದಲ್ಲಿ ಹೆಸರು ಹಾಕಿಸಿಕೊಳ್ಳುವ ಧೈರ್ಯ ಮಾತ್ರ ಯಾವ ಅರಸನಿಗೂ ಬರಲಿಲ್ಲ.