ಫೋನಿನಲ್ಲಿ ಉಳಿದ ಹೆಸರು

"ಇದನ್ನ ನಾ ಬರದಿಲ್ಲ, ಅಕ್ಕಾ!"

ಅಶ್ವಿನಿ ಲ್ಯಾಪ್‌ಟಾಪ್ ಎತ್ತಿಕೊಂಡೇ ಮೆಹಬೂಬಿಯ ಮೊಬೈಲ್ ರಿಪೇರಿ ಅಂಗಡಿಗೆ ಓಡಿ ಬಂದಿದ್ದಳು. ಗೋವಾದ ಕಾಣಕೋಣದ ಹೋಟೆಲೊಂದರಲ್ಲಿ ಆಕೆಗೆ ಕೆಲಸ ಸಿಕ್ಕಿತ್ತು. ಆದರೆ ಇವತ್ತು ಯಾರೋ ಇದೇ ಲ್ಯಾಪ್‌ಟಾಪಿನಿಂದ ಆಕೆಯ ಹೆಸರಿನಲ್ಲೇ 'ಬರುವುದಿಲ್ಲ' ಎಂದು ಮೇಲ್ ಕಳಿಸಿದ್ದರು. ಮೇಲ್ ಹೋದ ಸಮಯ, ಬೆಳಿಗ್ಗೆ ಹನ್ನೊಂದು ಇಪ್ಪತ್ತು.

"ಹೋಟೆಲಿಗೆ ಫೋನ್ ಹಚ್ಚಿದ್ಯಾ?"

"ಹಚ್ಚಿದ್ನಿ. ಹಂಗಾರ ಇದನ್ನ ಕಳಿಸಿದವರು ಯಾರು, ಐದರೊಳಗ ಬರದು ತಿಳಸು, ಇಲ್ಲಾಂದ್ರ ಇನ್ನೊಬ್ಬಾಕಿನ್ನ ತಗೋತೀವಿ ಅಂದ್ರು."

ಆಗಲೇ ನಾಲ್ಕಾಗಿತ್ತು. ಮೆಹಬೂಬಿ ಕನ್ನಡಕ ಏರಿಸಿದಳು. ವಾಸ್ಕೋ ಪಕ್ಕದ ಸಡಾದಲ್ಲಿ ಅರ್ಧ ಊರಿನ ಫೋನುಗಳನ್ನು ಬಿಚ್ಚಿ ನೋಡಿದ ಹೆಂಗಸು. ಊರ ಗುಟ್ಟೆಲ್ಲ ಗೊತ್ತು, ಬಾಯಿ ಮಾತ್ರ ಭಾರಿ ಬಿಗಿ.

"ನಿನ್ನ ಫೋನಿನ ಹಾಟ್‌ಸ್ಪಾಟ್ ಹಾಕಿದ್ರನ ಇದಕ್ಕ ನೆಟ್ ಬರೂದು. ಹನ್ನೊಂದಕ್ಕ ಫೋನ್ ಎಲ್ಲಿತ್ತು?"

"ನನ್ನ ಹಂತ್ಯಾಕ. ನಾ ವಾಸ್ಕೋದಾಗ ಟೇಲರ್ ಅಂಗಡ್ಯಾಗಿದ್ನಿ. ಲ್ಯಾಪ್‌ಟಾಪ್ ಮನ್ಯಾಗಿತ್ತು."

"ಅಂದ್ರ ಬ್ಯಾರೆ ಫೋನಿಂದ ನೆಟ್ ಕೊಟ್ಟಾರ."

ಒಮ್ಮೆ ಸೇರಿಕೊಂಡ ಫೋನಿನ ಹೆಸರನ್ನು ಲ್ಯಾಪ್‌ಟಾಪ್ ನೆನಪಿಟ್ಟುಕೊಂಡಿರುತ್ತದೆ. ಪಟ್ಟಿಯಲ್ಲಿ ಇದ್ದದ್ದು ಎರಡೇ. ಒಂದು ಅಶ್ವಿನಿ. ಇನ್ನೊಂದು ಸಂಗಣ್ಣ.

ಅಶ್ವಿನಿಯ ಕಣ್ಣು ತುಂಬಿತು. ಸಂಗಣ್ಣ ಆಕೆಯ ಸ್ವಂತ ಅಣ್ಣ. ಹೋಟೆಲ್ ಕೆಲಸ ಬೇಡವೆಂದು ಮೂರು ದಿನ ಜಗಳ ತೆಗೆದವನು.

*

ಇಬ್ಬರೂ ಅಶ್ವಿನಿಯ ಮನೆಗೆ ಹೋದಾಗ ಸಂಗಣ್ಣ ಆಗತಾನೇ ಬಂದರಿನ ಕೆಲಸ ಮುಗಿಸಿ ಬಂದಿದ್ದ.

"ಬೈದಿದ್ದು ಖರೇ. ಮಾರಿ ಮುಂದ ಬೈದೇನಿ. ಇಂಥಾ ಕೆಲಸ ಮಾಡಂಗಿಲ್ಲ. ಏಳರಿಂದ ಮೂರರ ತನಕ ನಮ್ಮ ಫೋನೆಲ್ಲಾ ಕೂಲ್ಯಾರ ಮ್ಯಾಲಿನ ಮುಕಾದಮ ಪೆಟಗ್ಯಾಗಿಟ್ಟು ಕೀಲಿ ಹಾಕಿರ್ತಾನ್ರಿ."

ಮೆಹಬೂಬಿ ಅವನ ಫೋನನ್ನು ಇಸಿದುಕೊಂಡು ನೋಡಿದಳು. ಹೊಸದು. ಅದರ ಹಾಟ್‌ಸ್ಪಾಟಿಗೆ ಕಂಪನಿ ಇಟ್ಟ ಹೆಸರೇ ಇತ್ತು, 'ಸಂಗಣ್ಣ' ಎಂದಿರಲಿಲ್ಲ. ಮತ್ತೇನೂ ಕೇಳದೆ ಆಕೆ ಸೀದಾ ಅಡುಗೆಮನೆಗೆ ನಡೆದಳು.

ರೊಟ್ಟಿ ಬಡಿಯುತ್ತಿದ್ದ ಜಯಶ್ರೀಯ ಕೈ ನಿಂತಿತು. ಆಕೆ ಸಂಗಣ್ಣನ ಹೆಂಡತಿ. ಹಿಟ್ಟಿನ ಡಬ್ಬಿಯ ಪಕ್ಕದಲ್ಲಿ, ಈಗ ಆಕೆ ಬಳಸುತ್ತಿದ್ದ ಗಂಡನ ಹಳೆಯ ಫೋನಿತ್ತು.

"ದೀಪಾವಳಿಗೆ ಇದರ ಗಾಜು ನಾನ ಹಾಕಿದ್ನಿ, ತಂಗಿ. ನಿನ್ನ ಹೆಸರಿಗೆ ಬದಲಸ್ಲೇನು ಅಂತ ಕೇಳಿದ್ನಿ. ಗಂಡನ ಹೆಸರು ಅಳಸಬಾರದ್ರಿ, ಇರ್ಲಿ ಅಂದಿ. ಅದ ಇವತ್ತ ನಿನ್ನ ತೋರಿಸಿಕೊಟ್ಟತು."

ಜಯಶ್ರೀ ಗೋಡೆಗೆ ಒರಗಿ ಅತ್ತುಬಿಟ್ಟಳು.

"ತಪ್ಪಾತ್ರಿ. ಆಕಿ ಹೋದ್ರ ಲ್ಯಾಪ್‌ಟಾಪೂ ಹೋಗತೈತಿ. ಮಧ್ಯಾಹ್ನ ಕದ್ದು ಟೈಪಿಂಗ್ ಕಲಿಯಾಕತ್ತೇನಿ. ಮುಂದಿನ ತಿಂಗಳ ಪರೀಕ್ಷಾ. ಈ ಮನಿಗೆ ಬಂದು ಏಳು ವರ್ಷ ಆತು, ನಂದಂತ ಇರೂದು ಇದೊಂದ."

"ಕೇಳಿದ್ರ ಕೊಡತಿದ್ನೆಲ್ಲ, ವೈನಿ!" ಅಶ್ವಿನಿ ಸಿಟ್ಟಿನಿಂದ ಕೂಗಿದಳು. ಕೂಗುತ್ತಲೇ ತಾನೂ ಅತ್ತಳು. ಆಮೇಲೆ ಲ್ಯಾಪ್‌ಟಾಪ್ ತಂದು ಅತ್ತಿಗೆಯ ಮುಂದಿಟ್ಟಳು. "ಈಗ ನೀವ ಬರೀರಿ. ಹೊತ್ತಾಗೇತಿ."

ಜಯಶ್ರೀ ಕೈಯ ಹಿಟ್ಟು ಒರೆಸಿಕೊಂಡು ಅದೇ ಹಳೆಯ ಫೋನಿನಿಂದ ನೆಟ್ ಕೊಟ್ಟಳು. ಬೆರಳುಗಳು ಕೀಲಿಮಣೆಯಲ್ಲಿ ಅಕ್ಷರಗಳನ್ನು ಹುಡುಕಲಿಲ್ಲ. 'ಬೆಳಿಗ್ಗೆ ಬರೆದವಳು ನಾನು, ಅಶ್ವಿನಿಯ ಅತ್ತಿಗೆ. ಆಕೆಯದೇನೂ ತಪ್ಪಿಲ್ಲ.' ನಾಲ್ಕು ಐವತ್ತೆರಡಕ್ಕೆ ಮೇಲ್ ಹೋಯಿತು.

ಐದಕ್ಕೆ ಉತ್ತರ ಬಂತು. ಸೋಮವಾರ ಅಶ್ವಿನಿ ಬರಲಿ.

"ಲ್ಯಾಪ್‌ಟಾಪ್ ಪರೀಕ್ಷಾ ಮುಗಿಯೂತನ ಇಲ್ಲೇ ಇರ್ಲಿ," ಎಂದಳು ಅಶ್ವಿನಿ.

ಬಾಗಿಲಲ್ಲಿ ನಿಂತಿದ್ದ ಸಂಗಣ್ಣ ಒಳಗೆ ಬಂದ. "ಮೆಹಬೂಬಿ ಅಕ್ಕಾ, ಆ ಫೋನಿನ್ಯಾಗಿನ ನನ್ನ ಹೆಸರು ತಗದು ಆಕಿದು ಹಾಕಿ ಕೊಡ್ರಿ," ಎಂದ.

ಮೆಹಬೂಬಿ ಕೈ ಚಾಚಿದಳು. ಜಯಶ್ರೀ ಫೋನ್ ಕೊಡಲಿಲ್ಲ.

"ನಾನ ಬರಕೋತೇನ್ರಿ."

ಮತ್ತೆ ನೆಟ್ ಕೊಟ್ಟಾಗ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಮೂರನೆಯ ಹೆಸರು ಬಂತು: ಜಯಶ್ರೀ.